ದುಡ್ಡು ತಗೊಳ್ಳುವ ಚೌಕದ ಪಕ್ಕ ಇನ್ನೊಂದು ಚೌಕ

‘ಸ್ಕ್ಯಾನರ್ ಎಲ್ಲೈತ್ರೀ?’

ಕಲಬುರಗಿಯ ಗಾಜಿಪುರದಲ್ಲಿ ಯಾವುದೇ ಅಂಗಡಿಯ ಗಲ್ಲೆಯ ಮುಂದೆ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯವರು ತಲೆ ಎತ್ತದೆ ಬೆರಳು ತೋರಿಸುತ್ತಾರೆ, ಗಿರಾಕಿ ಫೋನ್ ಹಿಡಿಯುತ್ತಾನೆ, ಸೌಂಡ್‌ಬಾಕ್ಸ್ ಮೊತ್ತ ಕೂಗುತ್ತದೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಗಿರಾಕಿ ಹೊರಟ. ಅವನು ಯಾರು, ಮತ್ತೆ ಬರುತ್ತಾನೋ ಇಲ್ಲವೋ, ಅವನಿಗೆ ಬೇಕಾದ ಇನ್ನೊಂದು ಸಾಮಾನು ನಿಮ್ಮಲ್ಲಿ ಇತ್ತೋ ಇಲ್ಲವೋ, ಇದ್ಯಾವುದೂ ಆ ಚೌಕಕ್ಕೆ ಬೇಕಿಲ್ಲ. ಅದರ ಕೆಲಸ ದುಡ್ಡು ತಗೊಳ್ಳುವುದು, ಅದನ್ನು ಚೊಕ್ಕವಾಗಿ ಮಾಡುತ್ತದೆ.

2016ರಲ್ಲಿ ಯುಪಿಐ ಬಂದ ಮೇಲೆ, ಅದರಲ್ಲೂ ಕೋವಿಡ್ ಕಾಲದಲ್ಲಿ ನೋಟು ಮುಟ್ಟಲು ಜನ ಹಿಂದೆ ಮುಂದೆ ನೋಡತೊಡಗಿದ ಮೇಲೆ, ತರಕಾರಿ ಗಾಡಿಯಿಂದ ಹಿಡಿದು ಜವಳಿ ಅಂಗಡಿಯವರೆಗೆ ಈ ಚೌಕ ಅಂಟಿಕೊಂಡಿದೆ. ಹೀಗಾಗಿ ಸ್ಕ್ಯಾನ್ ಮಾಡುವುದನ್ನು ಗಿರಾಕಿಗೆ ಈಗ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಅಜ್ಜಿಯೂ ಮಾಡುತ್ತಾಳೆ, ಮೊಮ್ಮಗನೂ ಮಾಡುತ್ತಾನೆ. ಇಷ್ಟು ದೊಡ್ಡ ರೂಢಿ ತಾನಾಗಿ ಕೈಗೆ ಬಂದಿರುವಾಗ ಸಣ್ಣ ಅಂಗಡಿಯವರು ಅದನ್ನು ಬರೀ ಹಣ ಪಡೆಯಲು ಬಳಸಿ ಸುಮ್ಮನಿದ್ದಾರೆ. ಪಕ್ಕದಲ್ಲಿ ಇನ್ನೊಂದು ಚೌಕ ಇಡಬಹುದು. ಅದಕ್ಕೆ ಖರ್ಚು ಬಹಳ ಕಡಿಮೆ, ಆದರೆ ಯೋಚನೆ ಬೇಕು. ಈ ಲೇಖನ ಆ ಎರಡನೇ ಚೌಕದ ಬಗ್ಗೆ.

ಮೊದಲು ಜಾಗ ಖಾಲಿ ಮಾಡಿ. ಎಷ್ಟೋ ಗಲ್ಲೆಗಳ ಮೇಲೆ ಮೂರು ನಾಲ್ಕು ಕಂಪನಿಗಳ ಸ್ಟಿಕ್ಕರ್ ಸಾಲಾಗಿ ನಿಂತಿರುತ್ತವೆ. ಅದರ ಅಗತ್ಯ ಈಗಿಲ್ಲ. ಪಾವತಿ ಕಂಪನಿಗಳು ತಮ್ಮ ಆ್ಯಪ್‌ನಲ್ಲಿ ಮಾತ್ರ ನಡೆಯುವಂಥ ಹೊಸ ಕೋಡ್ ಹೊರಡಿಸಬಾರದೆಂದು ರಿಸರ್ವ್ ಬ್ಯಾಂಕ್ 2020ರ ಅಕ್ಟೋಬರ್‌ನಲ್ಲೇ ಆದೇಶ ಮಾಡಿ, ಹಳೆಯವನ್ನು ಬದಲಿಸಲು 2022ರ ಮಾರ್ಚ್ 31ರವರೆಗೆ ಸಮಯ ಕೊಟ್ಟಿತ್ತು. ಯಾವ ಯುಪಿಐ ಕೋಡ್ ಆದರೂ ಯಾವ ಆ್ಯಪ್‌ನಿಂದಲೂ ಓದಬಹುದು. ಹಣಕ್ಕೆ ಒಂದೇ ಕೋಡ್ ಇಡಿ. ಮೂರು ಚೌಕ ಇದ್ದಲ್ಲಿ ನಾಲ್ಕನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ.

ಗಿರಾಕಿ ಈಗಾಗಲೇ ಕೇಳುತ್ತಿರುವ ಪ್ರಶ್ನೆ

ಎರಡನೇ ಕೋಡ್ ಎಲ್ಲಿಗೆ ಹೋಗಬೇಕು? ‘ನಮ್ಮ ಇನ್‌ಸ್ಟಾಗ್ರಾಂ ಫಾಲೋ ಮಾಡಿ’ ಎಂದು ಬರೆದು ಕೂತರೆ ಯಾರೂ ಮಾಡುವುದಿಲ್ಲ. ಫಾಲೋ ಮಾಡುವುದು ನಿಮ್ಮ ಅಗತ್ಯ, ಗಿರಾಕಿಯದಲ್ಲ. ಗಲ್ಲೆಯ ಪಕ್ಕ ಒಂದು ಹಳೆ ನೋಟ್‌ಬುಕ್ ಇಟ್ಟುಕೊಂಡು, ಒಂದು ವಾರ, ಜನ ನಿಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಬರೆಯಿರಿ. ಉತ್ತರ ಅಲ್ಲೇ ಇರುತ್ತದೆ.

ರೊಟ್ಟಿ ಕೇಂದ್ರವಾದರೆ: ‘ಸಂಜಿಗಿ ನಲವತ್ತು ರೊಟ್ಟಿ ಸಿಗ್ತಾವೇನ್ರೀ, ಈಗ ಹೇಳಬೇಕಾ?’ ಟೇಲರ್ ಅಂಗಡಿಯಾದರೆ: ‘ಬ್ಲೌಸ್ ರೆಡಿ ಆಗೇದೇನ್ರೀ?’ ಮೆಡಿಕಲ್ ಅಂಗಡಿಯಾದರೆ: ‘ಈ ಗುಳಿಗಿ ಐತೇನು?’ ಝೆರಾಕ್ಸ್ ಅಂಗಡಿಯಾದರೆ ಪ್ರಶ್ನೆ ಒಂದೇ: ‘ಫೈಲ್ ಯಾವ ನಂಬರಿಗೆ ಕಳಿಸಬೇಕ್ರೀ?’

ಝೆರಾಕ್ಸ್ ಅಂಗಡಿ ಇದಕ್ಕೆಲ್ಲ ಒಳ್ಳೆಯ ಉದಾಹರಣೆ. ಅರ್ಜಿ ತುಂಬುವ ಕಾಲದಲ್ಲಿ ಹತ್ತು ಹುಡುಗರು ಸಾಲು ನಿಂತಿರುತ್ತಾರೆ. ಒಬ್ಬೊಬ್ಬರಿಗೂ ಹತ್ತಂಕಿಯ ನಂಬರ್ ಹೇಳಬೇಕು, ಅವರು ಸೇವ್ ಮಾಡಿಕೊಳ್ಳಬೇಕು, ಅದರಲ್ಲೊಬ್ಬ ಒಂದು ಅಂಕಿ ತಪ್ಪಿ ತನ್ನ ಆಧಾರ್ ಕಾರ್ಡನ್ನು ಯಾರಿಗೋ ಕಳಿಸಬೇಕು! ಬಾಗಿಲಲ್ಲೇ ಒಂದು ಕೋಡ್, ಅದರ ಮೇಲೆ ದಪ್ಪಕ್ಷರದಲ್ಲಿ ‘ಪ್ರಿಂಟ್ ಫೈಲ್ ಇಲ್ಲಿಗೆ ಕಳಿಸಿ’ ಎಂಬ ಒಂದು ಸಾಲು. ಸ್ಕ್ಯಾನ್ ಮಾಡಿದರೆ ನೇರ ನಿಮ್ಮ ವಾಟ್ಸ್ಆ್ಯಪ್ ತೆರೆಯುತ್ತದೆ. ಇನ್ನೊಂದು ಸಾಲನ್ನೂ ಬರೆದು, ಬರೆದಂತೆ ನಡೆದುಕೊಳ್ಳಿ: ‘ಪ್ರಿಂಟ್ ಆದ ಮೇಲೆ ನಿಮ್ಮ ಫೈಲ್ ಅಳಿಸುತ್ತೇವೆ.’ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಕಳಿಸುವ ಜನಕ್ಕೆ ಅದು ದೊಡ್ಡ ಧೈರ್ಯ.

ಒಂದು ಕೋಡ್‌ಗೆ ಒಂದೇ ಕೆಲಸ. ಸ್ಕ್ಯಾನ್ ಮಾಡಿದ ಮೇಲೆ ಮೆನು, ಫೇಸ್‌ಬುಕ್, ಯೂಟ್ಯೂಬ್, ರಿವ್ಯೂ ಎಲ್ಲದರ ಗುಂಡಿಗಳೂ ಒಟ್ಟಿಗೆ ಬರುವ ಪುಟ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ದೊಡ್ಡ ಕಂಪನಿಗೆ ಅದು ಸರಿ ಇರಬಹುದು. ಓಣಿಯ ಅಂಗಡಿಗೆ ಬೇಡ. ಮತ್ತು ಚೌಕದ ಮೇಲೆ ‘ಸ್ಕ್ಯಾನ್ ಮಾಡಿ’ ಎಂದಷ್ಟೇ ಬರೆದರೆ ಗಿರಾಕಿ ಅದನ್ನು ಹಣದ ಕೋಡ್ ಎಂದೇ ತಿಳಿದು, ಏನೂ ಆಗದಿದ್ದಾಗ ಬೇಜಾರಾಗುತ್ತಾನೆ. ಸ್ಕ್ಯಾನ್ ಮಾಡಿದರೆ ಏನು ಸಿಗುತ್ತದೆ ಎಂಬುದನ್ನು ಬರೆಯಿರಿ. 2022ರ ಕನ್ನಡ ರಾಜ್ಯೋತ್ಸವದ ದಿನ ನಮ್ಮ ಮೆಟ್ರೊ ಬೆಂಗಳೂರಿನಲ್ಲಿ ಕ್ಯೂಆರ್ ಟಿಕೆಟ್ ಶುರು ಮಾಡಿದಾಗ ಸಾಲಿನಲ್ಲಿ ನಿಲ್ಲುವ ಕಾಟ ತಪ್ಪಿತು, ಮೇಲೆ ಶೇ 5ರಷ್ಟು ರಿಯಾಯಿತಿಯೂ ಇತ್ತು. ಜನರಿಗೆ ಕಾರಣ ಸ್ಪಷ್ಟವಿತ್ತು.

ಕಾರಣ ಹೇಳದೆಯೂ ಸ್ಕ್ಯಾನ್ ಮಾಡಿಸಿದ ಪ್ರಸಂಗ ನಮ್ಮ ರಾಜ್ಯದಲ್ಲೇ ಇದೆ ಅನ್ನಿ. 2022ರ ಸೆಪ್ಟೆಂಬರ್‌ನಲ್ಲಿ, ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ ‘ಪೇಸಿಎಂ’ ಪೋಸ್ಟರ್‌ಗಳನ್ನು ಬೆಂಗಳೂರಿನ ಗೋಡೆಗಳಿಗೆ ಅಂಟಿಸಿತ್ತು. ಪಾವತಿ ಸ್ಟಿಕ್ಕರಿನಂತೆ ಕಾಣುತ್ತಿದ್ದ ಆ ಚೌಕದ ನಡುವೆ ಆಗಿನ ಮುಖ್ಯಮಂತ್ರಿಯ ಮುಖವಿತ್ತು. ಸ್ಕ್ಯಾನ್ ಮಾಡಿದರೆ ಪಕ್ಷದ ಪ್ರಚಾರದ ಜಾಲತಾಣ ತೆರೆಯುತ್ತಿತ್ತು. ರಾಜಕೀಯ ಏನೇ ಇರಲಿ, ಗೋಡೆಯ ಮೇಲಿನ ಚೌಕಕ್ಕೆ ರಾಜ್ಯವೆಲ್ಲ ಫೋನ್ ಹಿಡಿಯಲು ಕುತೂಹಲ ಒಂದೇ ಸಾಕಾಯಿತು. ಆದರೆ ಕುತೂಹಲ ಒಂದು ಸಲಕ್ಕೆ ಮಾತ್ರ. ಅಂಗಡಿಗೆ ಬೇಕಾದದ್ದು ಹತ್ತನೇ ಸಲದ ಸ್ಕ್ಯಾನ್.

ಮಾಡಿಕೊಳ್ಳುವುದು ಹೇಗೆ

ಹೆಚ್ಚಿನ ಸಣ್ಣ ಅಂಗಡಿಗಳಿಗೆ ವಾಟ್ಸ್ಆ್ಯಪ್ ಬಿಸಿನೆಸ್ ಸಾಕು. ಅದು ಉಚಿತ. ಅದರ ಸೆಟ್ಟಿಂಗ್ಸ್‌ನಲ್ಲೇ ನಿಮ್ಮ ಅಂಗಡಿಯ ಕ್ಯೂಆರ್ ಕೋಡ್ ಮತ್ತು ಒಂದು ಚಿಕ್ಕ ಲಿಂಕ್ ಸಿಗುತ್ತದೆ. ಸ್ಕ್ಯಾನ್ ಮಾಡಿದವರ ಪರದೆಯಲ್ಲಿ ಮೊದಲೇ ಬರೆದಿಟ್ಟ ಸಂದೇಶ ಕಾಣುವಂತೆ ಮಾಡಬಹುದು. ಗಿರಾಕಿ ಟೈಪ್ ಮಾಡಬೇಕಿಲ್ಲ, ಕಳಿಸುವ ಗುಂಡಿ ಒತ್ತಿದರೆ ಆಯಿತು. ಕನ್ನಡದಲ್ಲಿ ಟೈಪ್ ಮಾಡಲು ಬೇಸರಪಡುವವರೇ ಹೆಚ್ಚು. ಅವರಿಗೆ ಇದು ದೊಡ್ಡ ಉಪಕಾರ. ಸಾಮಾನಿನ ಫೋಟೊ, ಬೆಲೆ ಹಾಕಲು ಅದರಲ್ಲೇ ಕ್ಯಾಟಲಾಗ್ ಇದೆ.

ಇಲ್ಲೊಂದು ಸಿಕ್ಕು ಇದೆ, ಕನ್ನಡದಲ್ಲಿ ಕೆಲಸ ಮಾಡುವವರಿಗೇ ಬರುವಂಥದ್ದು. ಚಿಕ್ಕ ಲಿಂಕ್ ಬಳಸದೆ, ಸಂದೇಶವನ್ನೇ ಲಿಂಕಿನೊಳಗೆ ತುರುಕಿ ಕೋಡ್ ಮಾಡುವ ತಾಣಗಳಿವೆ. ಕನ್ನಡದ ಒಂದೊಂದು ಅಕ್ಷರ, ಕಾಗುಣಿತದ ಚಿಹ್ನೆ, ಒತ್ತು ಗುರುತು ಕೂಡ ಲಿಂಕಿನೊಳಗೆ ಸಾಮಾನ್ಯವಾಗಿ ಒಂಬತ್ತು ಇಂಗ್ಲಿಷ್ ಅಕ್ಷರಗಳಷ್ಟು ಜಾಗ ತಿನ್ನುತ್ತದೆ. ‘ಸಂಜೆ ರೊಟ್ಟಿ ಬೇಕು’ ಎಂಬ ಮೂರು ಪದಕ್ಕೇ ಸುಮಾರು 130 ಅಕ್ಷರ ಆಗಿಬಿಡುತ್ತದೆ. ಚಿಕ್ಕ ಲಿಂಕಿನ ಕೋಡ್ ಅಡ್ಡಕ್ಕೂ ಉದ್ದಕ್ಕೂ 29 ಮನೆಗಳಲ್ಲಿ ಮುಗಿದರೆ, ಇದಕ್ಕೆ 53 ಮನೆ ಬೇಕಾಗುತ್ತದೆ. ಅಷ್ಟೇ ಜಾಗದಲ್ಲಿ ಮನೆಗಳು ಸಣ್ಣಗಾದಂತೆ ಹಳೇ ಫೋನಿನ ಕ್ಯಾಮೆರಾ ಓದಲು ಒದ್ದಾಡುತ್ತದೆ. ಆದ್ದರಿಂದ ಸಂದೇಶ ಕನ್ನಡದಲ್ಲೇ ಇರಲಿ, ಕೋಡ್ ಮಾತ್ರ ಚಿಕ್ಕ ಲಿಂಕಿನದಾಗಿರಲಿ.

ಯಾವ ಜಾಗದ ಕೋಡ್ ಕೆಲಸ ಮಾಡುತ್ತಿದೆ ಎಂದು ತಿಳಿಯಲು ದುಡ್ಡು ಕೊಟ್ಟು ಸಾಫ್ಟ್‌ವೇರ್ ತರಬೇಕಿಲ್ಲ. ಗಲ್ಲೆ ಮೇಲಿನ ಕೋಡ್ ಚಿಕ್ಕ ಲಿಂಕಿನದಿರಲಿ. ಕೈಚೀಲಕ್ಕೆ ಇನ್ನೊಂದು ಮಾಡಿ, ಅದರ ಸಂದೇಶದಲ್ಲಿ ಗುರುತಿಗೆಂದು ‘B’ ಎಂಬ ಒಂದೇ ಒಂದು ಇಂಗ್ಲಿಷ್ ಅಕ್ಷರ ಇಡಿ. ಒಂದಕ್ಷರ ಲಿಂಕಿನೊಳಗೆ ಸೇರಿದರೆ ಭಾರವೇನಿಲ್ಲ. ತಿಂಗಳಾದ ಮೇಲೆ ಬಂದ ಸಂದೇಶಗಳಲ್ಲಿ ಯಾವ ಗುರುತು ಹೆಚ್ಚಿದೆ ನೋಡಿ. ಚೀಲದಿಂದ ಒಂದೂ ಬಂದಿಲ್ಲವಾದರೆ ಮುಂದಿನ ಸಲ ಚೀಲಕ್ಕೆ ಪ್ರಿಂಟ್ ಮಾಡಿಸುವ ಖರ್ಚು ಉಳಿಯಿತು.

ಪುಟ ಅಥವಾ ಮೆನುವಿಗೆ ಕೋಡ್ ಬೇಕಾದರೆ ಫೋನಿನ ಕ್ರೋಮ್ ಬ್ರೌಸರಿನಲ್ಲಿ ಆ ಪುಟ ತೆರೆದು ಶೇರ್ ಒತ್ತಿ. ಕ್ಯೂಆರ್ ಕೋಡ್ ಆಯ್ಕೆ ಅಲ್ಲೇ ಸಿಗುತ್ತದೆ. ಹೀಗೆ ಮಾಡಿದ ಕೋಡ್ ಆ ಪುಟ ಇರುವವರೆಗೆ ಸಾಯುವುದಿಲ್ಲ, ಏಕೆಂದರೆ ವಿಳಾಸ ಅದರೊಳಗೇ ಅಚ್ಚಾಗಿರುತ್ತದೆ. ಇದು ಸ್ಟ್ಯಾಟಿಕ್ ಕೋಡ್. ಡೈನಾಮಿಕ್ ಕೋಡ್ ಬೇರೆ: ಅದು ಮೊದಲು ನಡುವಿನ ಒಂದು ಕಂಪನಿಯ ವಿಳಾಸಕ್ಕೆ ಹೋಗಿ, ಅಲ್ಲಿಂದ ನಿಮ್ಮ ಪುಟಕ್ಕೆ ತಿರುಗುತ್ತದೆ. ಸ್ಟಿಕ್ಕರ್ ಬದಲಿಸದೆ ಪುಟ ಬದಲಿಸಬಹುದು, ಎಷ್ಟು ಜನ ಸ್ಕ್ಯಾನ್ ಮಾಡಿದರೆಂದು ಎಣಿಸಬಹುದು. ತೊಡಕು ಏನೆಂದರೆ, ‘ಉಚಿತ’ ಎನ್ನುವ ಎಷ್ಟೋ ತಾಣಗಳು ಕೊಡುವುದು ಈ ಬಗೆಯ ಕೋಡ್; ಕೆಲವು ದಿನಗಳ ನಂತರ ಚಂದಾ ಕೇಳುತ್ತವೆ, ಕೊಡದಿದ್ದರೆ ಕೋಡ್ ಸತ್ತುಹೋಗುತ್ತದೆ. ನೀವು ಅಷ್ಟರಲ್ಲಿ ಐದು ಸಾವಿರ ಚೀಲಕ್ಕೆ ಅಚ್ಚು ಹಾಕಿಸಿರುತ್ತೀರಿ. ಪ್ರಿಂಟ್‌ಗೆ ಕೊಡುವ ಮೊದಲು ಆ ಕೋಡನ್ನು ನಿಮ್ಮ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಮೊದಲು ಕಾಣುವ ವಿಳಾಸ ನಿಮ್ಮದೋ ಬೇರೆಯವರದೋ ನೋಡಿ. ಬೇರೆಯವರದಾದರೆ ನಿಲ್ಲಿಸಿ.

ಕಲಬುರಗಿಯ ಬಿಸಿಲಿಗೆ

ಕ್ಯೂಆರ್ ಕೋಡ್ ಗಟ್ಟಿ ಪ್ರಾಣಿ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹರಾ ಮತ್ತು ಜೊತೆಗಾರರು ಇದನ್ನು ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು, ಎಣ್ಣೆ ಜಿಡ್ಡಿನ ಕಾರ್ಖಾನೆಯಲ್ಲಿ. ಒಂದಿಷ್ಟು ಭಾಗ ಹಾಳಾದರೂ ಓದಲು ಬರುವಂತೆ ಇದರಲ್ಲಿ ನಾಲ್ಕು ಮಟ್ಟದ ರಕ್ಷಣೆ ಇದೆ. ಅತಿ ಕೆಳಗಿನದು ಸುಮಾರು ಶೇ 7ರಷ್ಟು ಹಾನಿ ತಡೆದರೆ, ಮೇಲಿನ ಎಚ್ ಮಟ್ಟ ಶೇ 30ರವರೆಗೆ ತಡೆಯುತ್ತದೆ. ನಡುವೆ ಅಂಗಡಿಯ ಲೋಗೊ ಕೂರಿಸುವುದಾದರೆ ಅಥವಾ ಹೊರಗೆ ಅಂಟಿಸುವುದಾದರೆ ಎಚ್ ಮಟ್ಟವನ್ನೇ ಆರಿಸಿ.

ಆದರೂ ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಶಟರ್ ಮೇಲೆ ಅಂಟಿಸಿದ ಸ್ಟಿಕ್ಕರ್ ಬಣ್ಣಗೆಡುತ್ತದೆ, ಮೂಲೆ ಏಳುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಅದಕ್ಕೇ ಗಾಜಿನ ಒಳಗಡೆಯಿಂದ, ನೆರಳಿರುವ ಕಡೆ ಅಂಟಿಸಿ. ಹೊಳೆಯುವ ಲ್ಯಾಮಿನೇಶನ್ ಚಂದ ಕಾಣುತ್ತದೆ, ಆದರೆ ಟ್ಯೂಬ್‌ಲೈಟ್ ಅದರಲ್ಲಿ ಪ್ರತಿಫಲಿಸಿ ಕ್ಯಾಮೆರಾಗೆ ಕಣ್ಣು ಕುಕ್ಕುತ್ತದೆ. ಫ್ಲೆಕ್ಸ್ ಅಂಗಡಿಯಲ್ಲಿ ಮ್ಯಾಟ್ ಕೇಳಿ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಚೌಕವೇ ಇರಲಿ. ಹಬ್ಬದ ಬ್ಯಾನರಿಗೆ ಹೊಂದಲೆಂದು ಹಳದಿ ಮೇಲೆ ಕೇಸರಿ ಹಾಕಿಸಿದರೆ ಬ್ಯಾನರ್ ಚಂದ, ಕೋಡ್ ದಂಡ. ಚೌಕದ ಸುತ್ತ ನಾಲ್ಕು ಮನೆಯಷ್ಟು ಬಿಳಿ ಅಂಚು ಬಿಡಲೇಬೇಕು. ಡಿಸೈನ್ ಮಾಡುವ ಹುಡುಗರು ಜಾಗ ಉಳಿಸಲು ಮೊದಲು ಕತ್ತರಿಸುವುದು ಅದನ್ನೇ.

ಅಳತೆಗೆ ಒಂದು ಅಂದಾಜು: ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತನೇ ಒಂದು ಭಾಗ. ಗಲ್ಲೆಯ ಮೇಲೆ 40 ಸೆಂ.ಮೀ. ದೂರಕ್ಕೆ 4 ಸೆಂ.ಮೀ. ಸಾಕು. ಎರಡು ಮೀಟರ್ ದೂರದ ಬೋರ್ಡಿಗೆ 20 ಸೆಂ.ಮೀ. ಬೇಕು. ಆಟೊ ಹಿಂಬದಿಗೆ, ಬಸ್ ಮೇಲೆ ಕೋಡ್ ಹಾಕಿಸುವುದು ಹಣ ಹಾಳು.

ಸ್ಕ್ಯಾನ್ ಆದ ಮೇಲೆ

ಖಾನಾವಳಿಯ ಮೆನು ಕೋಡ್ ಸ್ಕ್ಯಾನ್ ಮಾಡಿದರೆ ಇಂಗ್ಲಿಷಿನ ದೊಡ್ಡ ಪಿಡಿಎಫ್ ಡೌನ್‌ಲೋಡ್ ಆಗುತ್ತಾ ಗಿರಗಿರ ತಿರುಗುತ್ತದೆ. ಅಷ್ಟರಲ್ಲಿ ಮಾಣಿ ಬಂದು ‘ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ’ ಎಂದು ಹೇಳಿ ಮುಗಿಸಿರುತ್ತಾನೆ. ಇಂಥ ಕೋಡ್ ಇಲ್ಲದಿರುವುದೇ ಲೇಸು. ಪುಟ ಹಗುರ ಇರಲಿ, ಮೊದಲ ಪರದೆಯಲ್ಲೇ ಬೇಕಾದದ್ದು ಸಿಗಲಿ. ಮೆನು ತೋರಿಸಲು ಫೋನ್ ನಂಬರ್ ಕೇಳಬೇಡಿ. ಬೇರೆ ಕಾರಣಕ್ಕೆ ನಂಬರ್ ಪಡೆಯುವುದಾದರೆ ಏಕೆಂದು ಹೇಳಿ, ಒಪ್ಪಿಗೆ ಪಡೆದು, ಅಷ್ಟಕ್ಕೇ ಬಳಸಿ; 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ತಿರುಳೂ ಅದೇ.

ಭಾಷೆಯ ವಿಷಯದಲ್ಲಿ ಕಲಬುರಗಿ ಬೇರೆ ಊರಿನಂತಲ್ಲ. ಒಂದೇ ಗಲ್ಲೆಯ ಮುಂದೆ ಕನ್ನಡ, ಉರ್ದು, ಹಿಂದಿ, ಒಮ್ಮೊಮ್ಮೆ ಮರಾಠಿ, ತೆಲುಗು ಕೂಡ ಕೇಳುತ್ತದೆ. ಚೌಕದ ಮೇಲಿನ ಸಾಲು ಕನ್ನಡದಲ್ಲಿ ದೊಡ್ಡದಾಗಿ, ಕೆಳಗೆ ಉರ್ದುವಿನಲ್ಲಿ ಸಣ್ಣದಾಗಿ ಇದ್ದರೆ ಹೆಚ್ಚು ಜನರನ್ನು ಮುಟ್ಟುತ್ತದೆ. ಓದಲು ಬಾರದವರಿಗೆ, ಕೀಪ್ಯಾಡ್ ಫೋನಿನವರಿಗೆ ಬಾಯಿಮಾತಿನ ದಾರಿ ಯಾವಾಗಲೂ ತೆರೆದಿರಲಿ. ‘ಸ್ಕ್ಯಾನ್ ಮಾಡಿದರೆ ಮಾತ್ರ’ ಎನ್ನುವ ಅಂಗಡಿಗೆ ಮುದುಕರು ಎರಡನೇ ಸಲ ಬರುವುದಿಲ್ಲ, ಅವರ ಜೊತೆ ಮನೆಯವರೂ ಬರುವುದಿಲ್ಲ.

ಗೂಗಲ್ ಮ್ಯಾಪಿನ ರಿವ್ಯೂಗೂ ಕೋಡ್ ಮಾಡಬಹುದು. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲೇ ಅದರ ಲಿಂಕ್ ಸಿಗುತ್ತದೆ. ‘ಐದು ಸ್ಟಾರ್ ಕೊಟ್ಟರೆ ಒಂದು ಚಹಾ ಫ್ರೀ’ ಎಂದು ಮಾತ್ರ ಬರೆಯಬೇಡಿ. ಉಡುಗೊರೆ ಕೊಟ್ಟು ರಿವ್ಯೂ ಪಡೆಯುವುದು ಗೂಗಲ್ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಇದ್ದ ರಿವ್ಯೂಗಳೂ ಹೋಗಬಹುದು.

ಬಸ್ಸಿನಲ್ಲಿ ಬರುವ ಗಿರಾಕಿ

ನನ್ನ ಪ್ರಕಾರ ಎರಡನೇ ಚೌಕದಿಂದ ಹೆಚ್ಚು ಲಾಭ ಆಗುವುದು ಓಣಿಯ ಗಿರಾಕಿಗಲ್ಲ, ಹಳ್ಳಿಯಿಂದ ಬರುವವರಿಗೆ. ಕಮಲಾಪುರ, ಆಳಂದ, ಅಫಜಲಪುರ, ಸೇಡಂ ಕಡೆಯಿಂದ ಜನ ಬಸ್ ಹತ್ತಿ ಕಲಬುರಗಿಗೆ ಸಂತೆಗೆ, ಆಸ್ಪತ್ರೆಗೆ, ಮದುವೆ ಜವಳಿಗೆ ಬರುತ್ತಾರೆ. ಹೊಲಿಯಲು ಕೊಟ್ಟ ಬಟ್ಟೆ ಸಿದ್ಧವಾಗಿಲ್ಲವೆಂದರೆ ಅವರಿಗೆ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಹೋಯಿತು. ರಸೀದಿಯ ಮೇಲೆ ಒಂದು ಸಣ್ಣ ಕೋಡ್, ‘ಬರುವ ಮೊದಲು ಕೇಳಿ’ ಎಂಬ ಮೂರು ಪದ ಮುದ್ರಿಸಿ ನೋಡಿ. ಅವರು ಇನ್ನೊಂದು ಅಂಗಡಿ ಹುಡುಕುವುದಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಕೊಡುವವರು ಬೇಕು. ಸಂಜೆಯೊಳಗೆ ಉತ್ತರಿಸಲಾಗದಿದ್ದರೆ ಕೋಡ್ ಹಾಕಿಸಬೇಡಿ.

ಕಮಲಾಪುರದವರಿಗೆ ಇದೇ ಮಾತನ್ನು ತಿರುಗಿಸಿ ಹೇಳಬಹುದು. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಹುಮನಾಬಾದ್ ರಸ್ತೆಯಲ್ಲಿ ಹೋಗುವ ಕಾರಿನವರು ಒಂದು ಡಜನ್ ಕೊಂಡು ಹೋಗುತ್ತಾರೆ, ಮನೆಗೆ ಹೋಗಿ ತಿಂದು ಮೆಚ್ಚುತ್ತಾರೆ, ಮತ್ತೆ ಬೇಕೆಂದರೆ ಯಾರನ್ನು ಕೇಳಬೇಕೋ ತಿಳಿಯದು. ಹಣ್ಣು ಕಟ್ಟಿಕೊಡುವ ಕಾಗದದ ಚೀಲದ ಮೇಲೆ ಒಂದು ಕೋಡ್ ಇದ್ದರೆ ಬೆಳೆದವರ ನಂಬರ್ ಅವರ ಅಡುಗೆಮನೆಯಲ್ಲೇ ಇರುತ್ತದೆ. 2019ರಲ್ಲಿ ಅದೇ ಮಾನ್ಯತೆ ಪಡೆದ ಗುಲ್ಬರ್ಗಾ ತೊಗರಿ ಬೇಳೆಗೂ ಇದು ಅನ್ವಯ. ಯಾವ ಊರಿನ ಹೊಲ, ಯಾವ ತಿಂಗಳ ರಾಶಿ, ಯಾವ ಮಿಲ್ಲು ಎಂದು ಪ್ಯಾಕೆಟ್ ಹೇಳಿದರೆ ಬೆಂಗಳೂರಿನ ಗಿರಾಕಿ ಎರಡು ರೂಪಾಯಿ ಹೆಚ್ಚು ಕೊಟ್ಟಾನು. ಜಿಐ ಗುರುತು ಬಳಸಲು ಮಾತ್ರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಹಾಗೆಯೇ ಆಹಾರದ ಪ್ಯಾಕೆಟ್ ಮೇಲೆ ಕಾನೂನು ಕೇಳುವ ತೂಕ, ದಿನಾಂಕ, ಲೈಸೆನ್ಸ್ ಸಂಖ್ಯೆಯನ್ನು ಅಕ್ಷರದಲ್ಲೇ ಮುದ್ರಿಸಬೇಕು. ಕೋಡ್ ಅದಕ್ಕೆ ಬದಲಿಯಲ್ಲ.

ಕಲಬುರಗಿಯ ಜೋಳದ ರೊಟ್ಟಿ ಈಗ ಬ್ರ್ಯಾಂಡ್ ಆಗಿದೆ. ಸ್ವಸಹಾಯ ಸಂಘಗಳ ಮಹಿಳೆಯರು ಬಡಿಯುವ ಈ ರೊಟ್ಟಿಯ ಬಗ್ಗೆ ಪ್ರಧಾನಿ 2025ರ ಜೂನ್‌ನ ‘ಮನದ ಮಾತು’ ಕಾರ್ಯಕ್ರಮದಲ್ಲೂ ಹೇಳಿದರು. ಇಂಥ ಸಂಘಗಳಿಗೆ ನನ್ನದೊಂದು ಸಲಹೆ: ಕೋಡ್ ಸ್ಕ್ಯಾನ್ ಮಾಡಿದರೆ ಸಂಘದ ಇತಿಹಾಸ ತೋರಿಸಬೇಡಿ, ಖಟಕ್ ರೊಟ್ಟಿಯನ್ನು ಎಷ್ಟು ದಿನ ಇಡಬಹುದು, ಹೇಗೆ ಮೆತ್ತಗೆ ಮಾಡಿಕೊಳ್ಳಬೇಕು, ಜೊತೆಗೆ ಯಾವ ಹಿಂಡಿ ಹೊಂದುತ್ತದೆ ಎಂಬ ಒಂದು ನಿಮಿಷದ ವಿಡಿಯೊ ತೋರಿಸಿ, ಕೆಳಗೆ ಆರ್ಡರ್ ಗುಂಡಿ ಇಡಿ. ದಕ್ಷಿಣದ ಜಿಲ್ಲೆಗಳಲ್ಲಿ ಕೊಂಡವರಿಗೆ ಬೇಕಾದದ್ದು ಅದು.

ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸ್ ಕಾಲಕ್ಕೆ ಬೇರೆ ಕೋಡ್ ಮಾಡಿ, ಮುಗಿದ ದಿನವೇ ಕಿತ್ತುಹಾಕಿ. ಮಾರ್ಚ್‌ನ ರಿಯಾಯಿತಿ ಸ್ಟಿಕ್ಕರ್ ಆಗಸ್ಟ್‌ನಲ್ಲೂ ನೇತಾಡುತ್ತಿದ್ದರೆ ಗಿರಾಕಿ ಜಗಳಕ್ಕೆ ಬರುತ್ತಾನೆ, ಬಂದರೆ ಅದು ಅವನ ತಪ್ಪಲ್ಲ.

ಎಚ್ಚರ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವ್ಯವಹಾರ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ರಾಜ್ಯದ ಎಷ್ಟೋ ಅಂಗಡಿಗಳು ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದವು. ಜಿಎಸ್‌ಟಿ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ. ಅದು ನಗದು, ಯುಪಿಐ ಎರಡೂ ಸೇರಿದ ವಹಿವಾಟಿನ ಲೆಕ್ಕ. ಕೋಡ್ ಕಿತ್ತರೆ ಲೆಕ್ಕ ತಪ್ಪುವುದಿಲ್ಲ, ಗಿರಾಕಿ ತಪ್ಪುತ್ತಾನೆ. ಮಿತಿಯ ಹತ್ತಿರ ಇದ್ದರೆ ತೆರಿಗೆ ಸಲಹೆಗಾರರನ್ನು ಕಾಣಿ. ವಿಚಾರಿಸಲು, ಆರ್ಡರ್ ಕೊಡಲು ಇಟ್ಟ ಎರಡನೇ ಚೌಕಕ್ಕಂತೂ ತೆರಿಗೆಯ ಗೊಡವೆಯೇ ಇಲ್ಲ.

ನಿಜವಾದ ಅಪಾಯ ಬೇರೆ ಇದೆ. ರಾತ್ರಿ ಯಾರೋ ಬಂದು ನಿಮ್ಮ ಹಣದ ಕೋಡ್ ಮೇಲೆ ತಮ್ಮದನ್ನು ಅಂಟಿಸಿ ಹೋದರೆ, ಸೌಂಡ್‌ಬಾಕ್ಸ್ ಸುಮ್ಮನಿರುವುದನ್ನು ನೀವು ಗಮನಿಸುವಷ್ಟರಲ್ಲಿ ಅರ್ಧ ದಿನದ ದುಡಿಮೆ ಬೇರೆಯವರ ಖಾತೆಗೆ ಹೋಗಿರುತ್ತದೆ. ಹೊರಗಿನ ಗೋಡೆಗೆ ಹಣದ ಕೋಡ್ ಅಂಟಿಸಬೇಡಿ. ಗಿರಾಕಿಯ ಫೋನಿನಲ್ಲಿ ಮೂಡಿದ ‘ಹಣ ಹೋಗಿದೆ’ ಎಂಬ ಚಿತ್ರವನ್ನು ನಂಬಬೇಡಿ, ನಿಮ್ಮ ಖಾತೆಗೆ ಬಂತೇ ನೋಡಿ. ಹಣ ಪಡೆಯಲು ಯಾರೂ ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ‘ಆರ್ಡರ್ ಅಡ್ವಾನ್ಸ್ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡ್ರಿ’ ಎಂದು ವಾಟ್ಸ್ಆ್ಯಪ್‌ಗೆ ಚೌಕ ಕಳಿಸುವವರು ಮೋಸಗಾರರು. ಎರಡನೇ ಚೌಕದಿಂದ ಹೊಸ ನಂಬರುಗಳ ಸಂದೇಶ ಹೆಚ್ಚಿದಂತೆ ಇಂಥವೂ ಬರುತ್ತವೆ, ಗಲ್ಲೆಯಲ್ಲಿ ಕೂರುವ ಹುಡುಗರಿಗೂ ಇದನ್ನು ಹೇಳಿಡಿ.

ನಾಳೆ ಬೆಳಗ್ಗೆ ಶಟರ್ ಎತ್ತಿದ ಕೂಡಲೇ ನಿಮ್ಮ ಹಣದ ಕೋಡಿನ ಸ್ಟಿಕ್ಕರನ್ನು ನಿಮ್ಮ ಫೋನಿನಿಂದಲೇ ಸ್ಕ್ಯಾನ್ ಮಾಡಿ ನೋಡಿ. ಪರದೆಯ ಮೇಲೆ ಬರುವ ಹೆಸರು ನಿಮ್ಮದಲ್ಲದಿದ್ದರೆ ಆ ಸ್ಟಿಕ್ಕರಿನ ಫೋಟೊ ತೆಗೆದಿಟ್ಟುಕೊಂಡು ತಡಮಾಡದೆ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಿ.